ಎಡಕ್ಕೆ ಏಳುಕೋಟಿಗೋ, ಬಲಕ್ಕೆ ಚಾಂಗಮಲೋ

ಬೆಳಕು ಹರಿಯುವ ಹೊತ್ತು. ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡೇ ಬಾಗಿಲು ತೆರೆದಿವೆ. ಒಂದು ಯೂಸುಫಸಾಬರ ಚಹಾದಂಗಡಿ. ಅದರ ಎದುರಿಗಿರುವುದು ಮಾಲತೇಶಪ್ಪನವರ ರಿಪೇರಿ ಅಂಗಡಿ. ಮಾಲತೇಶಪ್ಪ ಹೊಸ್ತಿಲಿಗೆ ನೀರು ಹಾಕಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು, ಮೇಜಿನ ಮೇಲಿನ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾರೆ. ಎರಡು ಬೆರಳಿನಿಂದ ಏನೋ ಒತ್ತುತ್ತಾರೆ. ಯಂತ್ರದ ಎಡಗಡೆಯಿಂದ ‘ಏಳುಕೋಟಿಗೋ’ ಎಂಬ ಮೈಲಾರಲಿಂಗನ ಭಕ್ತರ ಕೂಗು ಏಳುತ್ತದೆ. ಬಲಗಡೆ ಸದ್ದಿಲ್ಲ. ಅವರು ಯಂತ್ರವನ್ನು ಬೋರಲು ಹಾಕಿ, ಸ್ಕ್ರೂ ಬಿಚ್ಚಿ, ಕೂದಲಿನಂಥ ಒಂದು ವೈರನ್ನು ಅದರ ಜಾಗಕ್ಕೆ ಒತ್ತಿ, ಮತ್ತೆ ಮುಚ್ಚುತ್ತಾರೆ. ಈ ಸಲ ಎಡಗಡೆಯ ಕೂಗಿಗೆ ಬಲಗಡೆಯಿಂದ ‘ಚಾಂಗಮಲೋ’ ಎಂದು ಉತ್ತರ ಬರುತ್ತದೆ.

“ಹೂಂ. ಈಗ ನೀ ಮನಿಗೆ ಹೋಗಬಹುದು,” ಎಂದು ಅವರು ಯಂತ್ರಕ್ಕೇ ಹೇಳುತ್ತಾರೆ.

“ಮಾಲತೇಶಣ್ಣ, ನಮ್ಮ ಓಣ್ಯಾಗ ಕೋಳಿ ಕೂಗೂದು ಬಿಟ್ಟು ಭಾಳ ದಿನ ಆತು,” ಎನ್ನುತ್ತಾರೆ ಎದುರಿನಿಂದ ಯೂಸುಫಸಾಬ. “ನಿನ್ನ ಡಬ್ಬಿ ಕೂಗತಾವ, ನಮಗ್ಯಾಕ ಬೇಕು ತ್ರಾಸು ಅಂತ ಅವೂ ಮಲಗತಾವ.”

ಅಂಗಡಿಯ ಮೇಲೆ ‘ಮೈಲಾರಲಿಂಗ ಸೌಂಡ್ ಸರ್ವಿಸ್’ ಎಂಬ ಹಳೆಯ ಫಲಕ ಇನ್ನೂ ಇದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಲ್ಯಾಪ್‌ಟಾಪ್ ರಿಪೇರಿ’ ಎಂದು ಆಮೇಲೆ ಬರೆಸಿದ್ದಾರೆ. ಒಳಗೆ, ಒಂದು ಕಾಲಕ್ಕೆ ವೈರಿನ ಸುರುಳಿ ತೂಗುತ್ತಿದ್ದ ಕೊಂಡಿಯಲ್ಲಿ ಈಗ ಬಾಳೆಹಣ್ಣಿನ ಗೊನೆ ತೂಗುತ್ತಿದೆ. ಇದು ಹಣ್ಣಿನ ಅಂಗಡಿಯೇ ಎಂದು ಹೊಸಬರು ಕೇಳುವುದುಂಟು. ಆ ಗೊನೆ ಅಲ್ಲಿಗೆ ಹೇಗೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ.

ಮಾಲತೇಶಪ್ಪ ಮೈಲಾರಲಿಂಗನ ಕ್ಷೇತ್ರವಾದ ದೇವರಗುಡ್ಡದವರು. ತಂದೆ ಮೈಲಾರಪ್ಪನವರದು ಮೈಕ್ ಸೆಟ್ಟಿನ ಕಸುಬು. ಮದುವೆ, ಪುರಾಣ, ನಾಟಕ, ಊರ ಪಂಚಾಯಿತಿ, ಎಲ್ಲಿಗೆ ಕರೆದರೂ ಚಕ್ಕಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಹೋಗುತ್ತಿದ್ದರು. ಬೇವಿನ ಮರ ಏರಿ ತುತ್ತೂರಿಯಂಥ ಹಾರ್ನ್ ಸ್ಪೀಕರ್ ಕಟ್ಟುವುದು ಮಗನ ಕೆಲಸವಾಗಿತ್ತು. “ದನಿ ಬರಲಿಲ್ಲಂದ್ರ ಯಂತ್ರಕ್ಕ ಬಡೀಬ್ಯಾಡ, ವೈರ್ ಹಿಡಕೊಂಡು ನಡಿ ಅಂತಿದ್ದ ನಮ್ಮಪ್ಪ,” ಎಂದು ಅವರು ನೆನೆಯುತ್ತಾರೆ. “ಬಾಯಿಂದ ಹಾರ್ನ್ ತನಕ ನಡಕೋಂತ ಹೋಗು, ಎಲ್ಲೋ ಒಂದು ಕಡೆ ದಾರಿ ಕಡದಿರತೈತಿ ಅಂತಿದ್ದ. ನಾ ಈಗೂ ಮಾಡೂದು ಅದನ್ನ.”

ಆ ಕಸುಬು ಉಳಿಯಲಿಲ್ಲ. ಎದೆ ನಡುಗಿಸುವ ಡಿಜೆ ಪೆಟ್ಟಿಗೆಗಳು ಬಂದ ಮೇಲೆ ಮೈಕ್ ಸೆಟ್ಟನ್ನು ಕೇಳುವವರಿಲ್ಲದಾದರು. ಅದೇ ಸುಮಾರಿಗೆ ಮಾಲತೇಶಪ್ಪ ಮರದಿಂದ ಬಿದ್ದರು. ಎಡಗಾಲು ಇಂದಿಗೂ ಪೂರ್ತಿ ಮಡಚುವುದಿಲ್ಲ. ಅಪ್ಪನ ಹಾರ್ನುಗಳನ್ನು ಗುಜರಿಯವನು ತೂಗಿಕೊಂಡು ಹೋದ ದಿನ ಅವರು ಮನೆಯಲ್ಲಿ ಊಟ ಮಾಡಲಿಲ್ಲವಂತೆ. ಮುಂದೆ ಕಾಲೇಜೊಂದು ಎಸೆಯಲಿಟ್ಟಿದ್ದ ಕಂಪ್ಯೂಟರುಗಳ ಸ್ಪೀಕರ್ ಕೊಡಿರೆಂದು ಕೇಳಲು ಹೋದಾಗ, ಅಲ್ಲಿಯ ಉಪನ್ಯಾಸಕರೊಬ್ಬರು ಯಂತ್ರವನ್ನೇ ಕೊಟ್ಟು, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕುವುದನ್ನು ಕಲಿಸಿದರು. ಅದನ್ನು ಹಾಕಿದರೆ ಮುದಿ ಯಂತ್ರಕ್ಕೂ ನಡೆಯುವ ಶಕ್ತಿ ಬರುತ್ತದೆ, ಹಾಕಿಕೊಳ್ಳಲು ಯಾರಿಗೂ ಏನೂ ಕೊಡಬೇಕಿಲ್ಲ. ಅದಕ್ಕೆ ಟೈಪ್ ಮಾಡಬೇಕಾದ ಇಂಗ್ಲಿಷಿನ ಆಜ್ಞೆಗಳನ್ನು ಹೇಗೆ ಕಲಿತಿರಿ ಎಂದು ಕೇಳಿದೆ. “ಮಂತ್ರ ಕಲತಂಗ್ರಿ. ಮೊದಲ ಬಾಯಾಗ ಕುಂದರಬೇಕು. ಅರ್ಥ ಆಮ್ಯಾಲೆ ತಾನ ಬರತೈತಿ,” ಎಂದರು.

ಈಗ ದಿನಕ್ಕೆ ಎರಡು ಮೂರು ಯಂತ್ರ ಬರುತ್ತವೆ. ಹಾವೇರಿಯ ಕೋರ್ಟಿನ ಟೈಪಿಸ್ಟರದು, ಗಳಗನಾಥದ ಕಡೆಯ ಶಾಲೆಯದು, ಮೆಣಸಿನಕಾಯಿ ದಲಾಲರದು. ಹೊಸದಾಗಿ ಲಿನಕ್ಸ್ ಹಾಕಿದ ಯಂತ್ರದಲ್ಲಿ ಎಲ್ಲ ಸರಿಯಿದ್ದು ದನಿ ಮಾತ್ರ ಬರದಿರುವುದು ಸಾಮಾನ್ಯ ದೂರು. “ದನಿ ಸತ್ತಿರೂದಿಲ್ರಿ. ಹೊಂಟಿರತೈತಿ, ಆದ್ರ ಬ್ಯಾರೆ ಕಡೆ ಹೊಂಟಿರತೈತಿ,” ಎಂದು ಅವರು ಬಿಡಿಸಿ ಹೇಳುತ್ತಾರೆ. “ಟಿವಿಗೆ ಹೋಗೂ ದಾರಿ ಒಂದು, ಸ್ಪೀಕರಿಗೆ ಹೋಗೂ ದಾರಿ ಒಂದು ಇರತಾವ. ಮನ್ಯಾಗ ಟಿವಿನ ಹಚ್ಚಿರೂದಿಲ್ಲ, ಇದು ಪಾಪ ಆ ಟಿವಿಗೆ ಹಾಡಕೋಂತ ಕುಂತಿರತೈತಿ. ನಾವು ಕೈ ಹಿಡದು ಈ ಕಡೆ ತರಬೇಕು.” ಕೆಲವು ಸಲ ದನಿಯ ಬಾಗಿಲು ಒಳಗಿನಿಂದ ಮುಚ್ಚಿರುತ್ತದೆ, ತೆರೆಯಬೇಕು. ಕೆಲವು ಸಲ ಯಂತ್ರಕ್ಕೆ ತನ್ನೊಳಗಿನ ದನಿಯ ಭಾಗದ ಗುರುತೇ ಸಿಕ್ಕಿರುವುದಿಲ್ಲ, ಅದಕ್ಕೆ ಬೇಕಾದ ಸಣ್ಣ ತಂತ್ರಾಂಶವನ್ನು ತಂದು ಕೂಡಿಸಬೇಕು. ಏನೇ ಆಗಲಿ, ಎಡಬಲ ಎರಡೂ ಕೂಗದೆ ಯಾವ ಯಂತ್ರವೂ ಆ ಹೊಸ್ತಿಲು ದಾಟುವುದಿಲ್ಲ. ಇದು ಅವರು ತಾವೇ ಹಾಕಿಕೊಂಡ ನೇಮ. ಪರೀಕ್ಷೆಗೆ ಕೇಳಿಸುವ ಆ ಮೈಲಾರನ ಕೂಗು ಅವರದೇ ಕಂಠದ್ದು.

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ನಾನು ಆ ಅಂಗಡಿಗೆ ಹೋಗಿದ್ದೆ. ನನ್ನ ಮನೆಯವರು ಬದುಕಿದ್ದಾಗ ಹಾಡಿಟ್ಟ ಭಜನೆಗಳು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿದ್ದವು. ಅದನ್ನು ರಿಪೇರಿಗೆ ಕೊಟ್ಟಿದ್ದೆ. ನಾನು ಕೂತಿದ್ದಾಗಲೇ ಬ್ಯಾಡಗಿಯ ಮೊದಲ ಬಸ್ಸಿಗೆ ತಾಯಿ ಮಗಳು ಬಂದಿಳಿದರು. ತಾಯಿ ಹೊಳಿಯವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವರು. ಮಗಳು ಅರುಣಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಚೀಲವನ್ನು ಎದೆಗೊತ್ತಿಕೊಂಡು ಬಂದಳು.

ಹಾವೇರಿಯಲ್ಲಿ ಅಂಧ ಮಕ್ಕಳಿಗೆ ಪಾಠಗಳನ್ನು ಧ್ವನಿಯಲ್ಲಿ ಸಿದ್ಧಪಡಿಸಿಕೊಡುವ ಒಂದು ಸಣ್ಣ ಸಂಸ್ಥೆಯಿದೆ. ಅಲ್ಲಿ ಒಂದು ಕೆಲಸ ಖಾಲಿಯಿತ್ತು. ತನ್ನದೇ ಯಂತ್ರ ತಂದು, ಒಂದು ಪಾಠವನ್ನು ಟೈಪ್ ಮಾಡಿ, ತಪ್ಪು ತಿದ್ದಿ ತೋರಿಸಬೇಕೆಂದು ಅರುಣಾಗೆ ಅಂದೇ ಮಧ್ಯಾಹ್ನದೊಳಗೆ ಬರಲು ಹೇಳಿದ್ದರು. ಅದು ತಪ್ಪಿದರೆ ಕೆಲಸ ಬೇರೊಬ್ಬರಿಗೆ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ಲಿನಕ್ಸಿನೊಳಗೇ ಸಿಗುತ್ತದೆಂದು ತಿಳಿದು, ಅವಳು ಮಾಲತೇಶಪ್ಪನವರಿಂದ ತನ್ನ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ಹಾಕಿಸಿಕೊಂಡು ಹೋಗಿದ್ದಳು. ಅಂಗಡಿಯಲ್ಲಿ ಎರಡೂ ಕಡೆ ಕೂಗಿದ ಯಂತ್ರ ಮನೆ ಮುಟ್ಟಿದ ಸಂಜೆಯೇ ಮೂಕವಾಯಿತು. ಕೂಲಿ ಬಿಟ್ಟು ಮಗಳನ್ನು ಕರೆತರಲು ತಾಯಿಗೆ ಅಂದಿನವರೆಗೆ ಆಗಿರಲಿಲ್ಲ. ನಮ್ಮಂಥವರಿಗೆ ದನಿಯಿಲ್ಲದ ಯಂತ್ರವೂ ಯಂತ್ರವೇ. ಅರುಣಾಗೆ ಅದು ಬರಿಯ ಹಲಗೆ.

“ಕಾಕಾ, ನಿಮ್ಮ ಲಿನಕ್ಸ್ ಕೈ ಕೊಟ್ಟಿತು,” ಎಂದಳು ಅರುಣಾ. “ಪುಕ್ಕಟೆ ಬಂದದ್ದು ಪುಕ್ಕಟೆನ ಹೋಗತೈತಿ ಅಂತ ಓಣಿ ಮಂದಿ ಆಡಕೊಂಡು ನಗಾಕತ್ತಾರ.”

“ಆಡವ್ರು ಆಡಲಿ ತಂಗಿ. ಮೊದಲ ನೀ ಕುಂದ್ರು. ಬಸ್ಸು ಯಾವಾಗ?”

“ಒಂಬತ್ತಕ್ಕ ಹತ್ತಿದ್ರ ಮುಟ್ಟತೀವ್ರಿ.”

ಮಾಲತೇಶಪ್ಪ ಅಪ್ಪ ಹೇಳಿದಂತೆ ವೈರು ಹಿಡಿದು ನಡೆದರು. ಯಂತ್ರಕ್ಕೆ ದನಿಯ ಭಾಗ ಕಾಣುತ್ತಿದೆಯೇ? ಕಾಣುತ್ತಿದೆ. ಬಾಗಿಲು ಮುಚ್ಚಿದೆಯೇ? ಇಲ್ಲ. ದನಿ ಟಿವಿಯ ಕಡೆ ಹೋಗಿದೆಯೇ? ಅದೂ ಇಲ್ಲ. ಪರದೆಯ ಒಂದು ಮೂಲೆಯಲ್ಲಿ ಅವರ ಕಣ್ಣು ನಿಂತಿತು.

“ತಂಗಿ, ಇದಕ್ಕ ಕಿವ್ಯಾಗ ಹಾಕೂ ವೈರ್ ಹಚ್ಚಿದ್ದೇನು?”

“ನನ್ನ ಹತ್ರ ಅದು ಇಲ್ಲ ಕಾಕಾ.”

“ಇದು ಹಚ್ಚೈತಿ ಅಂತೈತಲ್ಲ!”

ಆ ವೈರು ಸೇರಿಸುವ ದುಂಡು ತೂತಿನೊಳಗೆ ಒಂದು ಪುಟ್ಟ ತಗಡಿನ ಎಲೆ ಇರುತ್ತದೆ. ಏನಾದರೂ ಒಳಹೊಕ್ಕು ಅದನ್ನು ಒತ್ತಿದರೆ, ಕೇಳುವವರು ಕಿವಿಗೆ ಹಚ್ಚಿಕೊಂಡಿದ್ದಾರೆಂದು ತಿಳಿದು ಯಂತ್ರ ತನ್ನ ಸ್ಪೀಕರನ್ನು ತಾನೇ ಸುಮ್ಮನಾಗಿಸುತ್ತದೆ. ಮಾಲತೇಶಪ್ಪ ತೂತಿಗೆ ಬ್ಯಾಟರಿ ಬೆಳಕು ಬಿಟ್ಟರು. ಆಮೇಲೆ ಯಂತ್ರವನ್ನು ಮೂಗಿನ ಹತ್ತಿರ ತಂದರು.

“ಯೂಸುಫಸಾಬ, ಬಾ ಇಲ್ಲೆ. ಇದನ್ನ ಮೂಸು.”

“ನಿನಗೇನ್ ಹುಚ್ಚೇನೋ?” ಎನ್ನುತ್ತಲೇ ಯೂಸುಫಸಾಬ ಬಂದು ಮೂಸಿದರು. “ಊದಿನಕಡ್ಡಿ ವಾಸನಿ ಐತಲ್ಲೋ! ಮಲ್ಲಿಗಿದು.”

ಎಲ್ಲರೂ ಹೊಳಿಯವ್ವನ ಕಡೆ ತಿರುಗಿದೆವು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

“ನಾ ಏನ್ ಮಾಡ್ಲೋ ಎಪ್ಪಾ? ಯಂತ್ರ ಮನಿಗೆ ಬಂದಮ್ಯಾಲೆ ಪೂಜಿ ಮಾಡಬಾರದ? ಕುಂಕುಮ ಹಚ್ಚಿದೆ, ಹೂ ಏರಿಸಿದೆ. ಕಡ್ಡಿ ಚುಚ್ಚಾಕ ಮನ್ಯಾಗ ಬಾಳಿಹಣ್ಣು ಇರಲಿಲ್ಲ. ದುಂಡನ ತೂತು ಕಂಡ್ತು, ಇದಕ್ಕಂತನ ಮಾಡ್ಯಾರ ಅಂತ ಎರಡು ಕಡ್ಡಿ ಕೂಡಿಸಿ ಚುಚ್ಚಿದೆ. ತಗಿಯೂ ಮುಂದ ಲಟಕ್ ಅಂತ ಒಳಗ ಮುರೀತು.”

“ಯವ್ವಾ! ಇಷ್ಟು ದಿನ ಬಾಯಿ ಬಿಡಲಿಲ್ಲಲ್ಲ ನೀ? ನಾ ಹಗಲೆಲ್ಲಾ ಲಿನಕ್ಸಿಗೆ ಬೈಕೋಂತ ಕುಂತೇನಿ.”

“ಎರಡು ಕಡ್ಡಿಗೆ ದನಿ ಹೋಗತೈತಿ ಅಂತ ನನಗೇನ್ ಗೊತ್ತಬೇ? ನಿನಗ ಕಣ್ಣಿಲ್ಲ, ನನಗ ಬುದ್ಧಿ ಇಲ್ಲ. ದೇವರು ಇಬ್ಬರನೂ ಕೂಡಿಸ್ಯಾನ.”

ಅರುಣಾ ಸಿಟ್ಟಿನಲ್ಲೇ ನಕ್ಕುಬಿಟ್ಟಳು. ಆದರೆ ಹೊತ್ತು ಏರುತ್ತಿತ್ತು. ಮಾಲತೇಶಪ್ಪ ಯಂತ್ರವನ್ನು ಆರಿಸಿ, ಬ್ಯಾಟರಿ ಕಳಚಿ, ಚಿಮಟವನ್ನು ಒಳಗಿಳಿಸಿದರು. ಕಡ್ಡಿ ಹಿಡಿತಕ್ಕೆ ಸಿಗದೆ ಇನ್ನಷ್ಟು ಒಳಗೆ ಸರಿಯಿತು. ಅವರು ಚಿಮಟ ಕೆಳಗಿಟ್ಟರು. ಹೊಳಿಯವ್ವ ಕಣ್ಣು ಮುಚ್ಚಿ “ಮೈಲಾರಲಿಂಗಾ” ಎಂದರು. ಅರುಣಾಳ ನಗು ನಿಂತಿತ್ತು. ಅವಳ ಬೆರಳುಗಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಓಣಿಯಾಚೆ ಬಸ್ಸೊಂದು ಹಾರ್ನ್ ಹಾಕಿದಾಗ ತಲೆಯೆತ್ತಿ, ಅದು ಯಾವ ಕಡೆಯದೆಂದು ಕಿವಿಗೊಟ್ಟಳು.

ಮಾಲತೇಶಪ್ಪ ಬೆಳಕು ಬಿಟ್ಟು ಮತ್ತೊಮ್ಮೆ ತೂತಿನೊಳಗೆ ಇಣುಕಿದರು. ಆಮೇಲೆ ಎದ್ದು ಯೂಸುಫಸಾಬರ ಕಿವಿಸಂದಿಯಲ್ಲಿದ್ದ ಪೆನ್ನನ್ನು ಕಿತ್ತುಕೊಂಡರು.

“ಏಯ್, ಅದು ಬರಿಯೂದಿಲ್ಲೋ, ಶಾಯಿ ತೀರೇತಿ!”

“ತೀರಿದ್ದ ಬೇಕಾಗೇತಿ ನನಗ.”

ಖಾಲಿ ರೀಫಿಲ್ಲಿನ ತುದಿ ಕತ್ತರಿಸಿ, ಆ ಪ್ಲಾಸ್ಟಿಕ್ ನಳಿಗೆಯನ್ನು ತೂತಿನೊಳಗೆ ಮೆಲ್ಲಗೆ ಇಳಿಸಿ, ಕಡ್ಡಿಯ ಮೇಲೆ ಟೊಪ್ಪಿಗೆಯಂತೆ ಕೂರಿಸಿದರು. ಉಸಿರು ಬಿಗಿಹಿಡಿದು ಎಳೆದರು. ಒಂದು ಕಡ್ಡಿ ನಳಿಗೆಯಲ್ಲಿ ಕಚ್ಚಿಕೊಂಡು ಬಂತು. ಯಂತ್ರವನ್ನು ಓರೆ ಮಾಡಿ ತಟ್ಟಿದಾಗ ಇನ್ನೊಂದು ತಾನೇ ಉದುರಿತು. ಹೊಳಿಯವ್ವ ಆ ಎರಡು ಚೂರುಗಳನ್ನು ಆರಿಸಿಕೊಂಡು ಕಣ್ಣಿಗೊತ್ತಿಕೊಂಡರು.

“ತಪ್ಪಾತೋ ಎಪ್ಪಾ,” ಎಂದರು.

“ತಪ್ಪೇನ್ ಬಂತಬೇ? ಪೂಜಿ ಮುಟ್ಟೇತಿ. ಅದಕ್ಕ ಇದು ಮೌನ ಹಿಡದಿತ್ತು,” ಎಂದರು ಮಾಲತೇಶಪ್ಪ.

ಯಂತ್ರ ಎದ್ದಿತು. ಎಡಕ್ಕೆ ‘ಏಳುಕೋಟಿಗೋ’. ಬಲಕ್ಕೆ ‘ಚಾಂಗಮಲೋ’. ಹೊಳಿಯವ್ವ ಕೂತಲ್ಲೇ ಕೈ ಮುಗಿದರು. ಅರುಣಾ ಯಂತ್ರವನ್ನು ತನ್ನ ಮುಂದೆ ಎಳೆದುಕೊಂಡು ಎರಡು ಗುಂಡಿ ಒತ್ತಿದಳು. ದನಿ ಹೋಗುವ ಮೊದಲು ಅವಳು ಅಭ್ಯಾಸಕ್ಕೆಂದು ಟೈಪ್ ಮಾಡುತ್ತಾ ಅರ್ಧಕ್ಕೆ ಬಿಟ್ಟಿದ್ದ ಪಾಠವನ್ನು ಯಂತ್ರ ತನ್ನ ಒರಟು ಕನ್ನಡದಲ್ಲಿ ಓದತೊಡಗಿತು: ‘ಪಾಠ ಒಂದು. ಮಳೆ ಹೇಗೆ ಬರುತ್ತದೆ.’

“ಇದೇನಬೇ, ನೆಗಡಿ ಬಂದೋರಂಗ ಮಾತಾಡತೈತಿ?” ಎಂದರು ಯೂಸುಫಸಾಬ.

“ಇದು ನನ್ನ ಕಣ್ಣು ಕಾಕಾ,” ಎಂದಳು ಅರುಣಾ. “ಕಣ್ಣಿಗೆ ಯಾರರ ನೆಗಡಿ ಬಂದೈತಿ ಅಂತಾರೇನು?”

ಒಂಬತ್ತರ ಬಸ್ಸು ಅವರಿಗೆ ಸಿಕ್ಕಿತು. ಕಾಲೆಳೆಯುತ್ತಲೇ ಮಾಲತೇಶಪ್ಪ ನಿಲ್ದಾಣದ ತನಕ ಹೋಗಿ ಹತ್ತಿಸಿ ಬಂದರು. ಬರುವಾಗ ಕೈಯಲ್ಲಿ ಒಂದು ಬಾಳೆಗೊನೆಯಿತ್ತು. ಅಂದಿನಿಂದ ರಿಪೇರಿಯಾದ ಪ್ರತಿ ಯಂತ್ರದ ಜೊತೆಗೆ ಒಂದು ಬಾಳೆಹಣ್ಣು ಮನೆಗೆ ಹೋಗುತ್ತದೆ. “ಪೂಜಿ ಮಾಡಬ್ಯಾಡ್ರಿ ಅನ್ನಾಕ ನಾ ಯಾರ್ರಿ? ಕಡ್ಡಿ ಇದಕ್ಕ ಚುಚ್ರಿ, ಅದಕ್ಕ ಬ್ಯಾಡ ಅಂತೇನಿ. ದೇವರಿಗೆ ಹೊಗಿ ಬೇಕು, ಯಂತ್ರಕ್ಕ ತೂತು ಖಾಲಿ ಬೇಕು.” ಅಂದು ಅವರು ನನ್ನ ಯಂತ್ರದ ಜೊತೆಗೂ ಒಂದು ಹಣ್ಣು ಕೊಟ್ಟರು. ಮನೆಗೆ ಬಂದು ದೇವರ ಮುಂದೆ ಆ ಹಣ್ಣಿಗೆ ಕಡ್ಡಿ ಚುಚ್ಚಿ, ಆಮೇಲೆ ಯಂತ್ರ ತೆರೆದು ಆ ಭಜನೆಗಳನ್ನು ಕೇಳಿದೆ.

ಅರುಣಾಗೆ ಹಾವೇರಿಯ ಕೆಲಸ ಸಿಕ್ಕಿದೆ. ಈಗ ಅವಳು ಪಾಠ ತಿದ್ದುವುದಷ್ಟೇ ಅಲ್ಲ, ಮಕ್ಕಳಿಗಾಗಿ ಅದನ್ನು ತನ್ನ ದನಿಯಲ್ಲೇ ಓದಿ ಧ್ವನಿಮುದ್ರಣ ಮಾಡುತ್ತಾಳೆ. ಆ ಮಾತು ಬಂದಾಗ ಮಾಲತೇಶಪ್ಪ ಕೈಯಲ್ಲಿದ್ದ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸುತ್ತಾರೆ. ನಿಮಗೇನಾದರೂ ಆಸೆಯಿದೆಯೇ, ದೊಡ್ಡ ಅಂಗಡಿ, ಹೊಸ ಫಲಕ ಎಂದು ಕೇಳುತ್ತೇನೆ. ಅವರು ಅದಾವುದೂ ಬೇಡವೆಂದು ತಲೆಯಾಡಿಸುತ್ತಾರೆ.

“ಒಂದು ಐತ್ರಿ. ಗುಡ್ಡದಾಗ ಒಬ್ಬ ಏಳುಕೋಟಿಗೋ ಅಂದ್ರ, ಚಾಂಗಮಲೋ ಅಂತ ಇನ್ನೊಬ್ಬ ಅನ್ನಬೇಕು. ನನ್ನ ಯಂತ್ರದಾಗ ಎರಡೂ ಕಡೆ ನಂದ ದನಿ. ನಾನ ಕೂಗೂದು, ನಾನ ಓ ಅನ್ನೂದು. ಅದು ಚೊಲೊ ಅಲ್ರಿ. ಬರೂ ಐತವಾರ ಅರುಣಾ ಬರತೇನಿ ಅಂದಾಳ. ಎಡಕ್ಕ ನಂದ ಇರಲಿ. ಬಲಕ್ಕ ಆಕಿ ದನಿ ತುಂಬಬೇಕು ಅಂತೇನಿ.”