ಗುಂಡಿಗೆ ದುಡ್ಡಿಲ್ಲ

ನನ್ನ ದೊಡ್ಡಮ್ಮ ದರ್ಜಿ. ಬೀದಿಗೆ ತೆರೆದುಕೊಂಡ ಒಂದೇ ಕೋಣೆಯ ಅಂಗಡಿ. ಒಳಗೆ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಬಂದವರಿಗೊಂದು ಸ್ಟೂಲು. ಉದುರಿದ ಗುಂಡಿ ಹಿಡಿದು ಯಾರೇ ಬಂದರೂ ಕೂರಿಸಿ ಹಾಕಿಕೊಡುತ್ತಾಳೆ, ಬಿಡಿಗಾಸು ಮುಟ್ಟುವುದಿಲ್ಲ. ಅವಳಿಗೆ ಕೆಲಸ ಕಲಿಸಿದವರ ಅಂಗಡಿಯಲ್ಲೂ ಹಾಗೇ ಇತ್ತಂತೆ. ಹರಟೆ ಹೊಡೆಯುವ ಆಸೆಗೆ ತಾವೇ ಗುಂಡಿ ಕಿತ್ತುಕೊಂಡು ಬರುವವರೂ ಇದ್ದರೆಂದು ನನ್ನ ಗುಮಾನಿ.

ಪಾರ್ಶ್ವವಾಯು ಹೊಡೆದು ಅವಳ ಎಡಗೈ ಸೋತಿತು. ಬೇರೆಯವರಾಗಿದ್ದರೆ ಮೂಲೆ ಹಿಡಿಯುತ್ತಿದ್ದರು. ಇವಳು ಬಟ್ಟೆಯ ಅಂಚನ್ನು ಇಸ್ತ್ರಿ ಪೆಟ್ಟಿಗೆಯ ಭಾರದಡಿ ಇಟ್ಟು, ಸೂಜಿಯನ್ನು ಹತ್ತಿ ತುಂಬಿದ ಮೆತ್ತೆಗೆ ನೆಟ್ಟಗೆ ಚುಚ್ಚಿ, ಬಲಗೈಯಲ್ಲೇ ದಾರ ಪೋಣಿಸಿ ಗುಂಡಿ ಹಾಕುವುದನ್ನು ರೂಢಿ ಮಾಡಿಕೊಂಡಳು. ನಾನು ಅದನ್ನು ವಿಡಿಯೋ ಮಾಡಿ ಹಾಕಿದೆ. ಜನ ಮುಗಿಬಿದ್ದು ನೋಡಿದರು.

ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಹೊಲಿಯುವ ಕೆಲಸ ಕಡಿಮೆಯಾಗಿ ಅಂಗಡಿಯ ಬಾಡಿಗೆ ಬಾಕಿ ನಿಂತಿತ್ತು. ಖಾಲಿ ಮಾಡಿ ಎಂದು ಮಾಲೀಕರು ಹೇಳಿಯಾಗಿತ್ತು.

"ದೊಡ್ಡಮ್ಮ, ವಿಡಿಯೋಗೆ ದುಡ್ಡು ಇಡೋಣ," ಎಂದೆ.

"ಗುಂಡಿಗೆ ದುಡ್ಡಾ? ತಲೆ ನೆಟ್ಟಗಿದೆಯೇನೇ? ಅಲ್ಲಾ, ವಿಡಿಯೋ ಮಧ್ಯ ಮಧ್ಯ ಸೋಪು ಮಾರೋಕೆ ಒಬ್ಬ ಬರ್ತಾನಲ್ಲ, ಅವನ್ಯಾಕೆ ಬರ್ತಾನೆ?"

"ಜನ ಪುಕ್ಕಟೆ ನೋಡ್ಲಿ ಅಂತ ದುಡ್ಡು ಕೊಡೋನು ಅವನೇ. ಅವನಿಗೆ ಅವರ ಕಣ್ಣು ಬೇಕು. ಅದರಲ್ಲಿ ನಿನಗೆ ಸಿಗೋದು ದಾರದುಂಡೆಗೂ ಸಾಲಲ್ಲ."

"ಸರಿ ಹೋಯ್ತು, ನನ್ನ ಅಂಗಡೀಲಿ ಅವನ ವ್ಯಾಪಾರ!" ಎಂದು ನಕ್ಕಳು. ಆದರೆ ಗುಂಡಿಯ ವಿಷಯದಲ್ಲಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಅವಳು ಹೇಳುತ್ತಾ ಹೋದಳು, ನಾನು ಕತ್ತರಿ ಹಿಡಿದೆ; ಶರ್ಟು ಕತ್ತರಿಸುವ ವಿಡಿಯೋ ಪಾಠಗಳಾದವು. ಅವಕ್ಕೆ ಮಾತ್ರ ಬೆಲೆ ಇಟ್ಟೆವು.

ಪಾಠಗಳು ಖರ್ಚಾದವು. ಅಂಗಡಿ ಉಳಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಒಂದು ವಿಚಿತ್ರ ಕಂಡಿತು. ಕೊಂಡವರಲ್ಲಿ ಬಹಳಷ್ಟು ಜನ ಮೊದಲ ಪಾಠವನ್ನೂ ತೆರೆದಿರಲಿಲ್ಲ. ದುಡ್ಡು ಬಂತಲ್ಲ ಎಂದು ನನಗೆ ಸಮಾಧಾನ, ದೊಡ್ಡಮ್ಮನಿಗೆ ಸಂಕಟ. ಹೊಲಿದಿಟ್ಟ ಬಟ್ಟೆಯನ್ನು ಯಾರೂ ಒಯ್ಯದಿದ್ದರೆ ದರ್ಜಿಗೆ ಊಟ ಸೇರುವುದಿಲ್ಲ. ನನಗೆ ಹೇಳದೆ ಅಷ್ಟೂ ಜನರಿಗೆ ಬರೆದುಬಿಟ್ಟಳು: "ನಿಮ್ಮ ಪಾಠ ರೆಡಿ ಇದೆ, ಬಂದು ತಗೊಂಡು ಹೋಗಿ. ಬೇಡದಿದ್ದರೆ ದುಡ್ಡು ವಾಪಸ್ ಕೊಡ್ತೀನಿ."

ತಲೆ ಚಚ್ಚಿಕೊಂಡೆ. ಎಲ್ಲರೂ ವಾಪಸ್ ಕೇಳಿದರೆ ಅಂಗಡಿಗೆ ಬೀಗವೇ ಗತಿ.

ಉತ್ತರಗಳು ಬಂದವು. ಎದೆ ಗಟ್ಟಿ ಮಾಡಿಕೊಂಡು ಮೊದಲನೆಯದನ್ನು ಗಟ್ಟಿಯಾಗಿ ಓದಿದೆ. ಕಾರ್ಖಾನೆಯಲ್ಲಿ ಒಂದು ಕೈ ಕಳೆದುಕೊಂಡವನೊಬ್ಬ ಬರೆದಿದ್ದ: "ಅಮ್ಮಾ, ನನಗೆ ಶರ್ಟು ಕತ್ತರಿಸೋಕೆ ಆಗಲ್ಲ. ಆದ್ರೆ ನಿಮ್ಮನ್ನ ನೋಡಿ ನನ್ನ ಮಗಳ ಫ್ರಾಕಿಗೆ ನಾನೇ ಗುಂಡಿ ಹಾಕಿದೆ. ಅದಕ್ಕೆ ನೀವು ದುಡ್ಡು ಇಟ್ಟಿಲ್ಲ, ಎಲ್ಲಿ ಕೊಡ್ಲಿ? ಅದಕ್ಕೇ ಇದನ್ನ ಕೊಂಡೆ. ನನ್ನಂಥವರು ಇನ್ನೂ ಬರ್ತಾರೆ. ಅವರಿಗೂ ಅದು ಪುಕ್ಕಟೆ ಸಿಗಲಿ."

ಮುಂದಿನದೂ ಹೆಚ್ಚುಕಡಿಮೆ ಅದೇ ಮಾತು. ಅದರ ಮುಂದಿನದೂ. ಒಬ್ಬರೂ ದುಡ್ಡು ವಾಪಸ್ ಕೇಳಿರಲಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಕೊಡಲು ಜನ ದಾರಿ ಹುಡುಕಿಕೊಂಡು ಬರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ದೊಡ್ಡಮ್ಮ ಮೆಲ್ಲಗೆ ಕೇಳಿದಳು, "ಇವರ್ಯಾರೂ ನನ್ನ ಮುಖ ನೋಡಿಲ್ಲ ಅಲ್ವೇನೇ?"

"ಇಲ್ಲ. ವಿಡಿಯೋದಲ್ಲಿ ನಿನ್ನ ಕೈ ಒಂದೇ ಇರೋದು."

ಅವಳು ಬಲಗೈಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಯಾರದೋ ಕೈ ಎಂಬಂತೆ ಬೆರಗಾಗಿ ನೋಡತೊಡಗಿದಳು. ನಾನೂ ನೋಡುತ್ತಾ ನಿಂತೆ.