ಫ್ಯಾನಿಗೆ ಕಟ್ಟಿದ ಸೀರೆಯ ತುಂಡು

ಬಿಡಿಭಾಗಗಳನ್ನು ನಾನೇ ಆರಿಸಿ, ಗೇಮ್ ಆಡುವ ಕಂಪ್ಯೂಟರೊಂದನ್ನು ಕಟ್ಟಿಸಬೇಕೆಂಬ ಹುಚ್ಚು ನನಗೆ ಕಾಲೇಜಿನಿಂದಲೂ ಇತ್ತು. ಹಾವೇರಿಯ ಆಫೀಸೊಂದರಲ್ಲಿ ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ, ಒಂದು ರಜೆಯ ದಿನ ನಮ್ಮೂರು ಬ್ಯಾಡಗಿಯಿಂದ ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಅಲ್ಲಿಯ ಕಂಪ್ಯೂಟರ್ ಅಂಗಡಿಯವರು ನನ್ನ ಪಟ್ಟಿ ನೋಡಿ ನಕ್ಕರು. "ಇಷ್ಟ ರೊಕ್ಕದಾಗ ಬಣ್ಣದ ಲೈಟೂ ಬೇಕು, ಆಟಾನೂ ಜೋರ ಓಡಬೇಕು ಅಂದ್ರ ಹೆಂಗ ತಂಗಿ? ಆಟ ಓಡಸೋದು ಗ್ರಾಫಿಕ್ಸ್ ಕಾರ್ಡ್ ನೋಡವಾ, ಲೈಟಲ್ಲ."

ಲೈಟು ಹೋಯಿತು. ರ‍್ಯಾಮ್ ಅರ್ಧಕ್ಕಿಳಿಯಿತು. ಕರೆಂಟು ಹಂಚುವ ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿತಾಯ ಮಾಡಲು ಅವರು ಬಿಡಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಯಾರೋ ಬಳಸಿ ಮಾರಿದ್ದು ಸಿಕ್ಕಿತು. ಅದಕ್ಕೆ ಗ್ಯಾರಂಟಿ ಇರಲಿಲ್ಲ, ಸುಟ್ಟರೆ ಇನ್ನೊಂದು ಕೊಳ್ಳುವ ತಾಕತ್ತು ನನಗೂ ಇರಲಿಲ್ಲ.

ಕೊನೆಗೆ ಇವನ್ನೆಲ್ಲ ಕೂರಿಸುವ ಕ್ಯಾಬಿನೆಟ್ಟು. ಧೂಳು ತಡೆಯುವ ಪರದೆ ಇದ್ದದ್ದು ತುಸು ತುಟ್ಟಿ.

"ಮನ್ಯಾಗ ಧೂಳ ಭಾಳ ಐತೇನವಾ?" ಎಂದು ಕೇಳಿದರು.

"ನಮ್ಮವ್ವ ದಿನಾ ಎರಡ ಸಲ ಕಸಾ ಹೊಡಿತಾಳ್ರಿ," ಎಂದೆ. ಮೂಗಿನ ತುದಿಯ ಸಿಟ್ಟು ನನ್ನದು. ಮನೆ ಹೊಲಸೇ ಎಂದು ಕೇಳಿದಂತಾಗಿತ್ತು. ಪರದೆ ಇಲ್ಲದ್ದನ್ನೇ ತಂದೆ.

ಅವ್ವ ವ್ಯಾಪಾರಿಗಳಿಂದ ಮೆಣಸಿನಕಾಯಿ ಚೀಲಗಳನ್ನು ತರಿಸಿಕೊಂಡು, ಪಡಸಾಲೆಯಲ್ಲಿ ಕೂತು ತೊಟ್ಟು ಬಿಡಿಸುತ್ತಾಳೆ. ಆ ಕೂಲಿಯಲ್ಲೇ ನಾನು ಓದಿದ್ದು. ಹುಟ್ಟಿದಾಗಿನಿಂದ ಅದೇ ಘಾಟಿನಲ್ಲಿ ಉಸಿರಾಡಿದ ನನಗೆ ಅದೂ ಧೂಳೇ ಎಂದು ಹೊಳೆಯಲೇ ಇಲ್ಲ.

ಮೂರನೇ ವಾರ ಆಟದ ನಡುವೆ ಕಂಪ್ಯೂಟರ್ ಆರಿಹೋಯಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. ಕಾರ್ಡ್ ಕಾದು ಕೆಂಡವಾಗಿತ್ತು. ನನಗೆ ಅಳುವೇ ಬಂತು. ಅದನ್ನು ಹೊತ್ತು ರಾಣೆಬೆನ್ನೂರಿಗೆ ಹೊರಟಾಗ ಅವ್ವನೂ ಜೊತೆಗೆ ಬಂದಳು.

ಅಂಗಡಿಯವರು ಮುಚ್ಚಳ ತೆಗೆದು ಗಾಳಿ ಊದುವ ಬ್ಲೋವರ್ ಹಿಡಿದದ್ದೇ ತಡ, ಕೆಂಪು ಪುಡಿ ಹಾರಿ ಇಡೀ ಅಂಗಡಿ ಸೀನತೊಡಗಿತು. ಗಿರಾಕಿಗಳು ಬೀದಿಗೆ ಓಡಿದರು. ಸೀನದೆ ನಿಂತವರು ನಾವು ತಾಯಿ ಮಗಳು ಇಬ್ಬರೇ.

"ಕಾರ್ಡ್ ಉಳದೈತಿ," ಎಂದರು ಅವರು, ಕಣ್ಣೊರೆಸಿಕೊಂಡು ನಗುತ್ತ. "ಇನ್ನ ಮ್ಯಾಲೆ ಇದರ ಫ್ಯಾನಿನ ಜಾಳಿಗಿಗೆ ತೆಳ್ಳನ ಅರಿವಿ ಕಟ್ಟವಾ. ವಾರಕ್ಕೊಮ್ಮೆ ಒಗದ ಹಾಕು." ವ್ಯಾಪಾರ ಕೆಡಿಸಿದ್ದಕ್ಕೆ ಒಂದು ಮಾತೂ ಅನ್ನಲಿಲ್ಲ. ಆ ಮನುಷ್ಯನ ಉಪಕಾರವನ್ನು ನಾನು ಮರೆಯಲಾರೆ.

ಮನೆಗೆ ಬಂದವಳೇ ಅವ್ವ ತನ್ನ ಹಳೆಯ ಸೀರೆಯೊಂದನ್ನು ಹರಿದು, ಅಂಚು ಹೊಲಿದು, ಫ್ಯಾನಿನ ಮುಂದಿನ ಜಾಳಿಗೆಗೆ ಕಟ್ಟಿದಳು. "ಪಾಪ, ಅದಕೂ ಉಸರ ಆಡಬೇಕಲಾ," ಎಂದು ಹೇಳಿ, ಹೋಗಿ ಚೀಲದ ಮುಂದೆ ಕೂತಳು.

ಅವಳ ಮೂಗಿಗೆ ಅಡ್ಡ ಯಾವ ಬಟ್ಟೆಯೂ ಇರಲಿಲ್ಲ. ಎಂದೂ ಇದ್ದದ್ದಿಲ್ಲ. ಇಷ್ಟು ವರ್ಷ ಎದುರಿಗೇ ಓಡಾಡಿಕೊಂಡಿದ್ದ ನಾನು ಅದನ್ನು ಕಂಡದ್ದು ಅವತ್ತೇ. ನಾಚಿಕೆಯಿಂದ ಮುಖ ಬಿಸಿಯಾಯಿತು. ಉಳಿದ ಸೀರೆಯಲ್ಲಿ ಇನ್ನೊಂದು ತುಂಡು ಹರಿದು, ಅವಳ ಮೂಗುಬಾಯಿ ಮುಚ್ಚಿ ಹಿಂದೆ ಗಂಟು ಹಾಕಿದೆ.

"ನನಗ್ಯಾಕವಾ? ನಾ ಏನ ನಿನ್ನ ಮಿಷನ್ ಹಂಗ ಕೆಡ್ತೀನೇನ?" ಎಂದು ಬಟ್ಟೆಯೊಳಗಿನಿಂದಲೇ ನಕ್ಕಳು.

ಈಗ ವಾರಕ್ಕೊಮ್ಮೆ ಎರಡೂ ತುಂಡುಗಳನ್ನು ನಾನೇ ಒಗೆಯುತ್ತೇನೆ. ಮೊದಲು ಅವಳದು, ಆಮೇಲೆ ಕಂಪ್ಯೂಟರಿನದು.