ಉಪ್ಪು ಕಡಿಮೆಯ ಬುತ್ತಿ ಕಟ್ಟಿಕೊಂಡು ಕಾಗದನಗರಕ್ಕೆ

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನಾನೂ ನನ್ನ ತಮ್ಮ ನಾಗರಾಜನೂ ಗೋಪಾಳದ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಹೋಗಬೇಕಾಗಿದ್ದದ್ದು ಭದ್ರಾವತಿಯ ಕಾಗದನಗರಕ್ಕೆ. ಶಿವಮೊಗ್ಗದಿಂದ ಭದ್ರಾವತಿ ಇಪ್ಪತ್ತು ಕಿಲೋಮೀಟರ್ ಆದೀತು ಅಷ್ಟೆ. ಜನ ದಿನಾ ಕೆಲಸಕ್ಕೆ ಹೋಗಿ ಬರುವ ದಾರಿ. ಇದನ್ನು ಪ್ರವಾಸ ಎಂದು ಬರೆದರೆ ನೀವು ನಗಬಹುದು. ಆದರೆ ನಮ್ಮಿಬ್ಬರಿಗೂ ಅದು ಎರಡು ವರ್ಷದಲ್ಲಿ ಮೊದಲ ಪ್ರಯಾಣ. ಅಷ್ಟು ದಿನವೂ ನಾವು ಹೋಗುತ್ತಿದ್ದದ್ದು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ.

ನಾಗರಾಜನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಅವನಿಗೆ ಐವತ್ತೆರಡು, ಅಕ್ಕನಾದ ನನಗೆ ಐವತ್ತೇಳು. ಅವನು ಕಾಗದದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದು, ಅದು ನಿಂತ ಮೇಲೆ ಶಿವಮೊಗ್ಗಕ್ಕೆ ಬಂದವನು. ಹೆಂಡತಿ ತೀರಿಕೊಂಡಳು, ಮಕ್ಕಳಿಲ್ಲ. ನಾನು ಮದುವೆಯಾಗಲಿಲ್ಲ, ಹೈಸ್ಕೂಲೊಂದರಲ್ಲಿ ಗುಮಾಸ್ತೆ. ಗೋಪಾಳದ ಬಾಡಿಗೆ ಮನೆಯಲ್ಲಿ ನಾವಿಬ್ಬರೇ.

ಆ ಕಾರ್ಖಾನೆಯ ಕ್ವಾರ್ಟರ್ಸ್ ಇರುವ ಕಾಗದನಗರ ನೋಡಬೇಕು ಎಂದು ಅವನು ಸಂಕ್ರಾಂತಿಯಿಂದ ಕೇಳುತ್ತಿದ್ದ. ನಾನು ಮುಂದೂಡುತ್ತಿದ್ದದ್ದು ಊಟದ ಸಲುವಾಗಿ. ಅವನು ಹೋಟೆಲಿನಲ್ಲಿ ಉಣ್ಣುವ ಹಾಗಿಲ್ಲ. ಉಪ್ಪು ಅಳತೆಯಲ್ಲಿರಬೇಕು. ಉಪ್ಪಿನಕಾಯಿ, ಹಪ್ಪಳ, ಟೊಮೆಟೊ, ಬಾಳೆಹಣ್ಣು, ಶೇಂಗಾ, ಹುಣಸೆಹಣ್ಣು ಬೇಡ. ಎಳನೀರಂತೂ ವಿಷ. ನೀರು ದಿನಕ್ಕೆ ಮುಕ್ಕಾಲು ಲೀಟರ್, ಅದರಲ್ಲಿ ಕಾಫಿಯೂ ಸಾರೂ ಸೇರಿತು. ಮನೆಯಿಂದ ಕಟ್ಟಿಕೊಂಡು ಹೋಗೋಣವೆಂದರೆ ಮೂವತ್ತೆಂಟು ಡಿಗ್ರಿ ಬಿಸಿಲು; ಬೆಳಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಹಳಸುತ್ತದೆ. ಅವನಿಗೆ ಹೊಟ್ಟೆ ಕೆಟ್ಟರೆ ನಮ್ಮ ನಿಮ್ಮ ಹಾಗೆ ಎರಡು ದಿನಕ್ಕೆ ಮುಗಿಯುವುದಿಲ್ಲ.

ಆ ದಿನ ಐದಕ್ಕೇ ಎದ್ದೆ. ಅನ್ನ ಉದುರುದುರಾಗಿ ಮಾಡಿ, ಅಗಲದ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗಿಟ್ಟೆ. ಬಿಸಿ ಅನ್ನವನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಬೆವರಿ ಕೆಡುತ್ತದೆ. ಪೂರ್ತಿ ಆರಿದ ಮೇಲೆ ಸಾಸಿವೆ, ಹಸಿಮೆಣಸು, ಕರಿಬೇವಿನ ಒಗ್ಗರಣೆ ಹಾಕಿ, ಹಿಂದಿನ ಸಂಜೆ ಕೋಟೆ ರಸ್ತೆಯ ಅಂಗಡಿಯಿಂದ ತಂದಿದ್ದ ನಿಂಬೆಹಣ್ಣು ಹಿಂಡಿದೆ. ಉಪ್ಪು ಕಡಿಮೆಯಿದ್ದಾಗ ನಾಲಿಗೆಯನ್ನು ನಿಂಬೆಹುಳಿಯೇ ಸಮಾಧಾನ ಮಾಡಬೇಕು. ಈರುಳ್ಳಿ ಹಾಕಲಿಲ್ಲ, ತೆಂಗಿನಕಾಯಿ ಹಾಕಲಿಲ್ಲ; ಎರಡೂ ಬೇಸಿಗೆಯಲ್ಲಿ ಬೇಗ ಹಳಸುವಂಥವು. ಎಲೆಕೋಸು ಸಣ್ಣಗೆ ಹೆಚ್ಚಿ, ಬೇಯಿಸಿ, ನೀರು ಬಸಿದು ಚೆಲ್ಲಿ, ತೇವ ಆರುವವರೆಗೂ ಬಾಣಲೆಯಲ್ಲಿ ಹುರಿದೆ. ಆರು ಚಪಾತಿಯನ್ನು ಹಬೆ ಹೋಗುವವರೆಗೆ ಬಿಡಿಬಿಡಿಯಾಗಿಟ್ಟು ಬಟ್ಟೆಯಲ್ಲಿ ಸುತ್ತಿದೆ. ಡಬ್ಬಿಗಳಿಗೆ ಒದ್ದೆ ಟವೆಲ್ ಸುತ್ತಿ ಬಟ್ಟೆಯ ಚೀಲದಲ್ಲಿಟ್ಟೆ. ಎಲ್ಲ ಸೇರಿ ಅರವತ್ತು ರೂಪಾಯಿಯ ಸಾಮಾನು. ಅವನ ಪಾಲಿಗೆ ಅರ್ಧ ಲೀಟರ್ ನೀರು, ಬಾಯಿ ಒಣಗಿದರೆ ಚೀಪಲು ನಾಲ್ಕು ಲವಂಗ.

ಕೈ ಕೆಲಸ ಮಾಡುತ್ತಿದ್ದರೂ ಮನಸ್ಸು ಅಲ್ಲಿರಲಿಲ್ಲ. ನನ್ನ ಒಂದು ಕಿಡ್ನಿಯನ್ನು ತಮ್ಮನಿಗೆ ಕೊಡುವುದೆಂದು ಆಗಿತ್ತು. ರಕ್ತದ ಗುಂಪು ಹೊಂದಿತ್ತು, ಉಳಿದ ಪರೀಕ್ಷೆಗಳು ನಡೆದಿದ್ದವು. ಗುರುವಾರ ಅವನು ಮೆಷಿನ್ ಮೇಲೆ ಮಲಗಿದ್ದಾಗ ಡಾಕ್ಟರು ನನ್ನನ್ನು ಒಳಗೆ ಕರೆದರು. "ನಿಮಗೆ ಸಕ್ಕರೆ ಕಾಯಿಲೆ ಇದೆ ಅಮ್ಮ. ತುಂಬ ದಿನದಿಂದ ಇರಬೇಕು, ಗೊತ್ತಾಗಿಲ್ಲ. ಮೂತ್ರದಲ್ಲಿ ಪ್ರೋಟೀನ್ ಸೋರ್ತಾ ಇದೆ. ನಿಮ್ಮ ಕಿಡ್ನಿ ನಿಮಗೇ ಬೇಕು" ಎಂದರು. ಕೇಳಿದ ಕೂಡಲೇ ನನಗೆ ಒಂದು ಕ್ಷಣ ಮೈ ಹಗುರಾಯಿತು, ಆಪರೇಷನ್ ತಪ್ಪಿತಲ್ಲ ಎಂದು. ಆ ಹಗುರ ನೆನೆದು ನೆನೆದು ನಾಚಿಕೆಯಾಗಿ ನಾನು ತಮ್ಮನಿಗೆ ವಿಷಯ ಹೇಳಿರಲಿಲ್ಲ. ಕಾಗದನಗರ ತೋರಿಸಿಕೊಂಡು ಬಂದು ಹೇಳಿದರಾಯಿತು ಎಂದುಕೊಂಡಿದ್ದೆ.

ಸಿಟಿ ಬಸ್ಸಿನಲ್ಲಿ ಬಸ್ ಸ್ಟ್ಯಾಂಡಿಗೆ ಬಂದು ಭದ್ರಾವತಿಯ ಸರ್ಕಾರಿ ಬಸ್ ಹತ್ತಿದೆವು. ನನಗೆ ಆಧಾರ್ ತೋರಿಸಿ ಶೂನ್ಯ ಟಿಕೆಟ್, ಅವನಿಗೆ ದುಡ್ಡಿನ ಟಿಕೆಟ್. ಕಂಡಕ್ಟರ್ ಅವನ ಎಡಗೈಯ ಉಬ್ಬಿದ ನರ ನೋಡಿದ. ಡಯಾಲಿಸಿಸ್ ಸೂಜಿ ಚುಚ್ಚುವ ಜಾಗ ಅದು, ಹಗ್ಗದ ಹಾಗೆ ಎದ್ದಿರುತ್ತದೆ.

"ಏನ್ ಸಾರ್ ಇದು, ಹಾವು ಕಚ್ಚಿತ್ತಾ?"

"ಇಲ್ಲ ಮಾರಾಯ, ಕಿಡ್ನಿದು" ಎಂದ ನಾಗರಾಜ. ಕಂಡಕ್ಟರ್ ಮುಂದಿನ ಬಾಗಿಲಿನ ಬಳಿ ಗಾಳಿ ಬರುವ ಸೀಟಿನಲ್ಲಿದ್ದ ಹುಡುಗಿಯನ್ನು ಎಬ್ಬಿಸಿ ಅವನನ್ನು ಕೂರಿಸಿದ.

ನಿದಿಗೆ ದಾಟಿ ಮಾಚೇನಹಳ್ಳಿಯ ಕೈಗಾರಿಕೆಗಳನ್ನು ಹಾದು ಮುಕ್ಕಾಲು ಗಂಟೆಯೊಳಗೆ ಭದ್ರಾವತಿ. ಹೊಳೆಯಲ್ಲಿ ಬಂಡೆಗಳ ನಡುವೆ ನೀರು ಅಲ್ಲಲ್ಲಿ ಮಾತ್ರ. ಬಸ್ ಸ್ಟ್ಯಾಂಡಿನಿಂದ ಕಾಗದನಗರಕ್ಕೆ ಆಟೋದವನು ನೂರೈವತ್ತು ಕೇಳಿ ನೂರಕ್ಕೆ ಒಪ್ಪಿದ. ದಾರಿಯುದ್ದಕ್ಕೂ ತಮ್ಮ ಅವನಿಗೆ ದಾರಿ ಹೇಳುತ್ತಿದ್ದ. ಆಟೋದವನು ಅದೇ ಊರಿನವನು, ಆದರೂ ಕೇಳಿಸಿಕೊಂಡ.

ಪೆರುಮಾಳ್ ನಮಗಾಗಿ ಕ್ವಾರ್ಟರ್ಸಿನ ತಿರುವಿನಲ್ಲಿ ಕಾಯುತ್ತಿದ್ದ. ತಮ್ಮನ ಜೊತೆ ಒಂದೇ ಶಿಫ್ಟಿನಲ್ಲಿ ಒಂದೇ ಮೆಷಿನ್ ನೋಡಿಕೊಂಡವನು. ತಮಿಳು ಮನೆಮಾತು, ಹುಟ್ಟಿದ್ದು ಭದ್ರಾವತಿಯಲ್ಲೇ. ಈಗ ಅಲ್ಲೇ ಹತ್ತಿರ ಸೈಕಲ್, ಮೊಪೆಡ್ ರಿಪೇರಿ ಅಂಗಡಿ. ತಮ್ಮನನ್ನು ಅವನು ಅಡಿಯಿಂದ ಮುಡಿಯವರೆಗೆ ನೋಡಿದ. ಎಂಬತ್ತು ಕಿಲೋ ಇದ್ದ ಗೆಳೆಯ ಐವತ್ತಾರಕ್ಕೆ ಇಳಿದು, ಬಣ್ಣ ಕಪ್ಪಾಗಿ ಎದುರಿಗೆ ನಿಂತಿದ್ದ. ಪೆರುಮಾಳ್ "ಏನ್ ತಂಬಿ, ಇಷ್ಟು ಸಣ್ಣ ಆಗ್ಬಿಟ್ಟೆ" ಎಂದು ಹೆಗಲ ಮೇಲೆ ಕೈಯಿಟ್ಟ.

ತಮ್ಮನ ಮನೆ ಮೂರನೇ ಸಾಲಿನಲ್ಲಿ ಕೊನೆಯದು. ಬೀಗ ಹಾಕಿತ್ತು. ಅಂಗಳದಲ್ಲಿ ಸೊಂಟದೆತ್ತರ ಕಳೆ. ಅವನು ಒಳಗೆ ಹೋಗುವ ಪ್ರಯತ್ನ ಮಾಡಲಿಲ್ಲ. ಗೇಟು ಹಿಡಿದು ನಿಂತು, "ಅಡುಗೆಮನೆ ಕಿಟಕಿ ಅದು. ಸುಮಾ ಅಲ್ಲಿಂದಾನೇ ನನ್ನ ಕೂಗ್ತಿದ್ಲು. ಸೈರನ್ ಆದ ಮೇಲೂ ನಾನು ಬರ್ಲಿಲ್ಲ ಅಂದ್ರೆ ಇಡೀ ಸಾಲಿಗೆ ಕೇಳೋ ಹಾಗೆ" ಎಂದ. ಸುಮಾ ಅವನ ಹೆಂಡತಿ. ಆಮೇಲೆ ಹತ್ತು ನಿಮಿಷ ಅವನನ್ನು ಅಲ್ಲೇ ಬಿಟ್ಟು ನಾವಿಬ್ಬರೂ ದೂರ ಸರಿದೆವು.

ಹಳೆಯ ಸಾಲುಗಳನ್ನೆಲ್ಲ ನಿಧಾನವಾಗಿ ಸುತ್ತಿ ಬರುವಷ್ಟರಲ್ಲಿ ಹನ್ನೆರಡು ದಾಟಿತ್ತು. ರಸ್ತೆಯ ಪಕ್ಕದ ಹೊಂಗೆ ಮರ ಹೊಸ ಎಲೆ ಬಿಟ್ಟು ದಟ್ಟ ನೆರಳು ಕೊಟ್ಟಿತ್ತು. ಅದರ ಕಟ್ಟೆಯ ಮೇಲೆ ಚೀಲ ಇಟ್ಟೆ. ನಾನು ಟವೆಲ್ ಬಿಚ್ಚುವಷ್ಟರಲ್ಲಿ ಪೆರುಮಾಳ್ ತನ್ನ ಮೊಪೆಡ್ಡಿನಿಂದ ಮೂರು ಎಳನೀರು ಇಳಿಸಿ, ಒಂದನ್ನು ಕತ್ತಿಯಲ್ಲಿ ಕೆತ್ತಿ, ತಮ್ಮನ ಕೈಗೆ ಕೊಟ್ಟುಬಿಟ್ಟಿದ್ದ.

"ಬಿಸಿಲಲ್ಲಿ ಬಂದಿದೀಯ. ಮೊದಲು ಇದನ್ನ ಕುಡಿ."

ನಾಗರಾಜ ನನ್ನ ಕಡೆ ನೋಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಎತ್ತಿದ. ನಾನು ಓಡಿಹೋಗಿ ಅದನ್ನು ಕಿತ್ತುಕೊಂಡೆ. ಅರ್ಧ ನೀರು ಅವನ ಅಂಗಿಯ ಮೇಲೆ ಚೆಲ್ಲಿತು.

"ಅಕ್ಕಾ, ಎಳನೀರು ಒಳ್ಳೇದಲ್ವಾ?" ಪೆರುಮಾಳ್ ಗಾಬರಿಯಾದ.

"ಅವನಿಗಲ್ಲ ಪೆರುಮಾಳ್. ಪೊಟ್ಯಾಸಿಯಂ ಏರಿದ್ರೆ ಹೃದಯ ನಿಂತುಹೋಗತ್ತೆ. ನಿಮಗೆ ಗೊತ್ತಿರ್ಲಿಲ್ಲ. ಇವನಿಗೆ ಗೊತ್ತು."

ತಮ್ಮನಿಗೆ ಸಿಟ್ಟು ಬಂತು. "ಎರಡು ವರ್ಷದಲ್ಲಿ ಒಂದಿನ ಹೊರಗೆ ಬಂದಿದೀನಿ. ಒಂದು ಗುಟುಕು ಕುಡಿದ್ರೆ ಸಾಯಲ್ಲ ನಾನು. ಎಲ್ಲದಕ್ಕೂ ಕಾವಲು! ಇನ್ನೆರಡು ತಿಂಗಳು ತಾನೇ? ನಿನ್ನ ಕಿಡ್ನಿ ಬಂದ ಮೇಲೆ ಎಲ್ಲಾನೂ ಕುಡೀಬಹುದು. ಇವತ್ತಿಂದು ಆಗ ಸರಿಹೋಗತ್ತೆ, ಬಿಡು."

ಅವನು ಧೈರ್ಯ ಮಾಡಿದ್ದು ಯಾವ ನಂಬಿಕೆಯ ಮೇಲೆ ಎಂದು ಆಗ ತಿಳಿಯಿತು. ಇನ್ನೊಂದು ಗಂಟೆ ಮುಚ್ಚಿಟ್ಟರೂ ತಪ್ಪು ಎನ್ನಿಸಿತು.

"ನನ್ನ ಕಿಡ್ನಿ ಬರಲ್ಲ ಕಣೋ" ಎಂದೆ. "ಗುರುವಾರ ಹೇಳಿದ್ರು. ನಂಗೆ ಶುಗರ್ ಇದೆಯಂತೆ. ಕೊಡೋ ಹಾಗಿಲ್ಲ ಅಂದ್ರು."

ಅವನು ಕಟ್ಟೆಯ ಮೇಲೆ ಕೂತ. ಅಂಗಿಯಿಂದ ಎಳನೀರು ತೊಟ್ಟಿಕ್ಕುತ್ತಿತ್ತು. ಒಂದು ಬೈಕ್ ಹೋಯಿತು. ಪೆರುಮಾಳ್ ಉಳಿದ ಎರಡು ಎಳನೀರನ್ನು ಎತ್ತಿಕೊಂಡು ಹೋಗಿ, ಕಣ್ಣಿಗೆ ಬೀಳದ ಹಾಗೆ ಮೊಪೆಡ್ಡಿನ ಚೀಲಕ್ಕೆ ಹಾಕಿ ಬಂದ.

"ಗುರುವಾರ ಗೊತ್ತಾಗಿದ್ದು ಇವತ್ತು ಹೇಳ್ತೀಯಲ್ಲ" ಎಂದ ತಮ್ಮ.

"ಬಾಯಿ ಬರ್ಲಿಲ್ಲ."

"ಅಂದ್ರೆ ನಂಗೆ ಇನ್ನು ಮೆಷಿನ್ನೇ ಗತಿ."

"ಸತ್ತವರ ಕಿಡ್ನಿ ಸಿಗೋ ಪಟ್ಟಿಗೆ ಹೆಸರು ಕೊಡೋಣ. ಅರ್ಜಿ ತಂದಿದೀನಿ. ವರ್ಷಗಟ್ಟಲೆ ಆಗಬಹುದು ಅಂದಿದಾರೆ."

ನಾನು ಡಬ್ಬಿ ತೆಗೆದು ಮೊದಲು ಮೂಸಿ ನೋಡಿದೆ, ಅನ್ನ ಕೆಟ್ಟಿರಲಿಲ್ಲ. ತಟ್ಟೆಗೆ ಬಡಿಸಿದೆ. ಅವನು ಮುಟ್ಟಲಿಲ್ಲ. ಪೆರುಮಾಳನ ಮನೆಯಲ್ಲಿ ಭಾನುವಾರವಾದ್ದರಿಂದ ಕೋಳಿಸಾರು ಆಗಿತ್ತಂತೆ, ಹೆಂಡತಿ ಕಾಯುತ್ತಿದ್ದಳಂತೆ. ಆದರೂ ಅವನು ನನ್ನ ಮುಂದೆ ಕೈ ಚಾಚಿ, "ನಂಗೂ ಹಾಕಿ ಅಕ್ಕಾ, ಅವನಿಗೆ ಹಾಕಿದ್ದನ್ನೇ" ಎಂದ. ಉಪ್ಪು ಕಾಣದ ಆ ಚಿತ್ರಾನ್ನವನ್ನು, ಸಪ್ಪೆ ಪಲ್ಯವನ್ನು ಅವನು ಮುಖ ಕಿವುಚದೆ ತಿಂದ. ಎರಡನೇ ಸಲ ಹಾಕಿಸಿಕೊಂಡ. ತಮ್ಮ ಅವನನ್ನೇ ನೋಡುತ್ತಿದ್ದ.

"ಸಪ್ಪೆ ಅಲ್ವೇನೋ?"

"ಸಪ್ಪೇನೇ" ಎಂದ ಪೆರುಮಾಳ್. "ಎರಡು ವರ್ಷ ಹೆಂಗ್ ತಿಂದೆ ತಂಬಿ?"

ಆಗ ನಾಗರಾಜ ಅತ್ತ. ಅವನು ಅತ್ತದ್ದನ್ನು ನಾನು ಸುಮಾ ಹೋದ ದಿನ ನೋಡಿದ್ದೆ, ಅದಾದ ಮೇಲೆ ಅವತ್ತೇ. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, ಒಂದೂವರೆ ಚಪಾತಿ ತಿಂದ. ಒಂದು ಗುಟುಕು ನೀರು ಬಾಯಲ್ಲಿ ತುಂಬ ಹೊತ್ತು ಇಟ್ಟುಕೊಂಡು ನುಂಗಿದ.

ಊಟವಾದ ಮೇಲೆ ಪೆರುಮಾಳ್ ಅವನನ್ನು ಮೊಪೆಡ್ಡಿನಲ್ಲಿ ಕಾರ್ಖಾನೆಯ ಗೇಟಿನವರೆಗೆ ಕರೆದುಕೊಂಡು ಹೋದ. ನಾನು ಹೋಗಲಿಲ್ಲ. ಮರದ ಕೆಳಗೆ ಡಬ್ಬಿಗಳನ್ನು ಕಟ್ಟಿಕೊಂಡು ಕೂತೆ. ಅರ್ಧ ಗಂಟೆ ಬಿಟ್ಟು ಬಂದರು. ಏನು ನೋಡಿದೆ ಎಂದು ಕೇಳಿದ್ದಕ್ಕೆ, "ಹೊಗೆ ಇಲ್ಲದ ಚಿಮಣಿ. ವಾಸನೇನೂ ಇಲ್ಲ. ಆ ವಾಸನೆ ಬೈಕೊಂಡೇ ಹತ್ತೊಂಬತ್ತು ವರ್ಷ ಇದ್ವಿ" ಎಂದ.

ಮೂರೂವರೆಯ ಬಸ್ಸು. ಪೆರುಮಾಳ್ ಸ್ಟ್ಯಾಂಡಿನವರೆಗೂ ಬಂದ. ಆಟೋದ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ. ಮುಂದಿನ ತಿಂಗಳು ತಾನೇ ಶಿವಮೊಗ್ಗಕ್ಕೆ ಬಂದು ಒಂದು ಡಯಾಲಿಸಿಸ್ ದಿನ ಜೊತೆಗೆ ಕೂರುತ್ತೇನೆ ಎಂದ. ಬಸ್ ಹೊರಟಾಗ ಕಿಟಕಿಯ ಕಂಬಿಯ ಮೇಲಿದ್ದ ತಮ್ಮನ ಕೈಯನ್ನು ನಾಲ್ಕು ಹೆಜ್ಜೆ ಹಿಡಿದುಕೊಂಡೇ ನಡೆದು ಬಿಟ್ಟ.

ಬಸ್ಸಿನೊಳಗೆ ಬಿಸಿಗಾಳಿ. ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ತಮ್ಮ ಕಣ್ಣು ಮುಚ್ಚಿಕೊಂಡಿದ್ದ, ನಿದ್ದೆ ಎಂದುಕೊಂಡೆ. ಮಾಚೇನಹಳ್ಳಿ ದಾಟುವಾಗ ಕಣ್ಣು ತೆರೆಯದೆಯೇ ಕೇಳಿದ:

"ಶುಗರ್ ಎಷ್ಟಿದೆಯಂತೆ ನಿಂಗೆ?"

ಹೇಳಿದೆ.

"ಮಾತ್ರೆ ಬರ್ಕೊಟ್ಟಿದಾರಾ?"

"ಹೂಂ."

"ತಗೊಂಡ್ಯಾ?"

"ಇಲ್ಲ" ಎಂದೆ. ಚೀಟಿಯನ್ನು ಬೀರುವಿನಲ್ಲಿಟ್ಟು ಮರೆತಿದ್ದೆ. ಮೂರು ದಿನವೂ ನಾನು ಯೋಚಿಸಿದ್ದು ಇವನಿಗೆ ಹೇಗೆ ಹೇಳುವುದು ಎಂದು ಮಾತ್ರ. ಕಾಯಿಲೆ ನನಗೂ ಬಂದಿದೆ ಎನ್ನುವುದು ಆ ಬಸ್ಸಿನಲ್ಲಿ ಮೊದಲ ಸಲ ತಲೆಗೆ ಹೋಯಿತು.

"ಥೂ ಮಾರಾಯ್ತಿ" ಎಂದು ತಮ್ಮ ಕಣ್ಣು ಬಿಟ್ಟ. "ಪ್ರೋಟೀನ್ ಸೋರ್ತಿದೆಯಾ ನಿಂಗೂ?"

"ಸ್ವಲ್ಪ ಅಂದ್ರು."

"ನಂಗೂ ಸ್ವಲ್ಪ ಅಂತಾನೇ ಅಂದಿದ್ರು. ಮೂರು ವರ್ಷ ನಾನು ಕಿವಿಗೇ ಹಾಕ್ಕೊಳ್ಳಿಲ್ಲ." ಶಿವಮೊಗ್ಗ ಬರುವವರೆಗೂ ಅವನು ಮತ್ತೆ ಕಣ್ಣು ಮುಚ್ಚಲಿಲ್ಲ.

ಐದು ಗಂಟೆಗೆ ಮನೆ ಸೇರಿದೆವು. ಅವನು ಚಪ್ಪಲಿ ಬಿಟ್ಟವನೇ ಬೀರು ತೆಗೆಸಿ ಚೀಟಿ ಈಸಿಕೊಂಡ. ಪಾದ ಊದಿತ್ತು, ಆದರೂ ತಾನೇ ತಿರುವಿನ ಮೆಡಿಕಲ್ ಶಾಪಿಗೆ ನಡೆದುಹೋಗಿ ಮಾತ್ರೆ ತಂದು, ನನಗೆ ಒಂದು ಲೋಟ ನೀರು ತುಂಬಿಸಿ ಕೊಟ್ಟು, ನುಂಗುವವರೆಗೂ ಎದುರಿಗೇ ನಿಂತ.

ಮಂಗಳವಾರ ಎಂದಿನಂತೆ ಆಸ್ಪತ್ರೆಗೆ ಹೋದೆವು. ಏಳು ಗಂಟೆಯ ಪಾಳಿ. ಸಿಸ್ಟರ್ ಅವನ ತೂಕ ನೋಡಿ ಮಂಚದ ಕಡೆ ಕೈ ತೋರಿಸಿದರು. ಅವನು ಮಲಗಲಿಲ್ಲ. ಡಾಕ್ಟರು ರೌಂಡ್ಸಿಗೆ ಬರುತ್ತಿದ್ದರು. ನನ್ನ ತೋಳು ಹಿಡಿದು ಅವರ ಮುಂದೆ ನಿಲ್ಲಿಸಿ ಹೇಳಿದ:

"ಮೊದಲು ನಮ್ಮಕ್ಕನ್ನ ನೋಡಿ ಸಾರ್. ನಾನು ಕಾಯ್ತೀನಿ."